ಮಿಷಿನ್ನಿಗೆ ಹೇಳಿದ್ದು ಯಾರು?

ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಮಿಷಿನ್ನೇ ವಜಾ ಮಾಡ್ತು ಅಂತೀಯಲ್ಲ ತಮಾ, ಮಿಷಿನ್ನಿಗೆ ಹಂಗೆ ಮಾಡು ಅಂತ ಹೇಳಿದ್ದು ಯಾರು?"

ಕೇಳಿದ್ದು ನನ್ನನ್ನಲ್ಲ, ಕೌಂಟರಿನ ಆಚೆ ಕೂತಿದ್ದ ಹುಡುಗನನ್ನು. ಅವನು ಪಾಪ, ಮಾನಿಟರನ್ನೇ ನಮ್ಮ ಕಡೆ ತಿರುಗಿಸಿದ. ಅರ್ಜಿಯ ಸ್ಥಿತಿ: ವಜಾ. ಕಾರಣ: ಖಾಲಿ. ವಜಾ ಮಾಡಿದವರು ಯಾರು ಎಂಬ ಕಲಮಿನಲ್ಲಿ ಮನುಷ್ಯರ ಹೆಸರಿಲ್ಲ, 'ಸರ್ವೀಸ್ ಅಡ್ಮಿನ್' ಎಂದಿತ್ತು. "ಇದು ಮೇಲಿಂದನೇ ಆಗಿದ್ದು ಯಜಮಾನ್ರೇ, ನಮ್ಮ ಕೈಲಿಲ್ಲ" ಎಂದ. ಯಾವ ಕಚೇರಿ, ಯಾವ ಅರ್ಜಿ ಎನ್ನುವುದು ಇಲ್ಲಿ ಬೇಡ. ದೊಡ್ಡಪ್ಪ ನನ್ನ ಮುಖ ನೋಡಿದರು. ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಾನು ನೆಲ ನೋಡಿದೆ. ಆ ಕಲಮಿನಲ್ಲಿ ಮನುಷ್ಯರ ಹೆಸರು ಯಾಕಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅಂಥ ಕಲಮಿನಿಂದ ಹೆಸರು ಅಳಿಸುವ ಕೆಲಸವನ್ನು ಒಂದು ಕಾಲಕ್ಕೆ ನಾನೇ ಮಾಡಿದ್ದೇನೆ.

ಈ ಬರಹ ನನ್ನಂಥವರಿಗೆ. ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬ, ಜಡೆ, ಉಳವಿ, ಚಂದ್ರಗುತ್ತಿ ಕಡೆಯಿಂದ ಹೊರಟು ಇಂಜಿನಿಯರಿಂಗೋ ಎಂಸಿಎಯೋ ಮುಗಿಸಿ ಬೆಂಗಳೂರು ಸೇರಿದವರಿಗೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಊರಲ್ಲಿ ಇಳಿದು, ಭಾನುವಾರ ಸಂಜೆ ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಬಾಟಲಿ ಹಿಡಿದು ವಾಪಸು ಬರುವವರಿಗೆ. ನಮ್ಮಲ್ಲಿ ಎಷ್ಟೋ ಜನ ಕೆಲಸ ಮಾಡುವುದು ಅರ್ಜಿಗಳು ಓಡಾಡುವ ತಂತ್ರಾಂಶದ ಮೇಲೆ. ವರ್ಕ್‌ಫ್ಲೋ ಎನ್ನುತ್ತೇವೆ. ಹಳೆಯ ಭಾಷೆಯಲ್ಲಿ ಹೇಳುವುದಾದರೆ ಫೈಲು ಒಂದು ಟೇಬಲಿನಿಂದ ಇನ್ನೊಂದು ಟೇಬಲಿಗೆ ಹೋಗುವ ದಾರಿ. ಬ್ಯಾಂಕು, ವಿಮೆ, ಆಸ್ಪತ್ರೆ, ಸರಕಾರ, ಸಹಕಾರ ಸಂಘ, ಎಲ್ಲ ಕಡೆಯೂ ಈಗ ಆ ದಾರಿಯನ್ನು ಹಾಕುವವರು ನಾವೇ.

ಊರಿನವರಿಗೆ ಅರ್ಥವಾಗುವ ಹಾಗೆ ಒಂದು ದಾರಿಯನ್ನು ನೋಡೋಣ. ನಿಮ್ಮ ಪಕ್ಕದ ಮನೆಯವರು ಎರಡು ಎಕರೆ ಗದ್ದೆ ಕೊಂಡರು ಎನ್ನಿ. ಉಪನೋಂದಣಿ ಕಚೇರಿಯಲ್ಲಿ ಕಾವೇರಿ ತಂತ್ರಾಂಶದಲ್ಲಿ ಕ್ರಯಪತ್ರ ನೋಂದಣಿಯಾಗುತ್ತದೆ. ಅಲ್ಲಿಂದ ಜೆ ಸ್ಲಿಪ್ ಎಂಬ ಸಂದೇಶ ಭೂಮಿ ತಂತ್ರಾಂಶಕ್ಕೆ ಹೋಗುತ್ತದೆ. ಅಲ್ಲಿ ನೋಟಿಸು, ತಕರಾರಿಗೆ ಕಾಲಾವಕಾಶ, ಅಧಿಕಾರಿಯ ಅನುಮೋದನೆ, ಆಮೇಲೆ ಮ್ಯೂಟೇಶನ್. ಕಡೆಗೆ ಪಹಣಿಯ ಒಂಬತ್ತನೇ ಕಲಮಿನಲ್ಲಿ ಹೆಸರು ಬದಲಾಗುತ್ತದೆ. ಬೆಳೆ ಸಾಲ ತೆಗೆದರೆ ಹನ್ನೊಂದನೇ ಕಲಮಿನಲ್ಲಿ ಋಣ ಬಂದು ಕೂರುತ್ತದೆ. ಒಂದು ಕಾಲದಲ್ಲಿ ಈ ಪ್ರತಿ ಹೆಜ್ಜೆಯನ್ನೂ ಜವಾನ ಫೈಲು ಹೊತ್ತು ನಡೆದು ದಾಟಿಸುತ್ತಿದ್ದ. ಈಗ ಒಂದು ಸರ್ವರ್ ಇನ್ನೊಂದು ಸರ್ವರಿಗೆ ಕರೆ ಮಾಡುತ್ತದೆ. ನಾವು ಕಾಲ್ ಎನ್ನುತ್ತೇವೆ, ವೆಬ್ ಸರ್ವೀಸ್ ಕಾಲ್. ಆ ಕರೆಯನ್ನು ಎತ್ತಿಕೊಳ್ಳುವ ಸರ್ವರ್ ಕೇಳಬೇಕಾದ ಮೊದಲ ಮಾತು: ನೀನು ಯಾರು, ಯಾರ ಪರವಾಗಿ ಬಂದೆ?

ಬಹಳ ಕಡೆ ಕೇಳುವುದಿಲ್ಲ. ಅಥವಾ ಕೇಳಿದಂತೆ ಮಾಡಿ ಒಳಗೆ ಬಿಡುತ್ತದೆ.

ಇದನ್ನು ನಾವು ಎಷ್ಟು ಸಲೀಸಾಗಿ ಒಪ್ಪಿಕೊಂಡಿದ್ದೇವೆ ನೋಡಿ. ರೇಷನ್ ಅಂಗಡಿಯ ಮುಂದೆ ಅಜ್ಜಿಯೊಬ್ಬಳು ನಿಂತಿರುತ್ತಾಳೆ. ಅಡಿಕೆ ಸುಲಿದು, ಗದ್ದೆ ನಟ್ಟಿ ಮಾಡಿ ಬೆರಳಿನ ಗೆರೆ ಸವೆದಿದೆ. ಹೆಬ್ಬೆಟ್ಟು ಒತ್ತಿಸುತ್ತಾರೆ, ಮೂಡುವುದಿಲ್ಲ. ಸೆರಗಿನಲ್ಲಿ ಒರೆಸಿ ಮತ್ತೆ ಒತ್ತು ಎನ್ನುತ್ತಾರೆ. ಬೇರೆ ಬೆರಳು ಕೊಡು ಎನ್ನುತ್ತಾರೆ. ಮೊಮ್ಮಗನ ಮೊಬೈಲಿಗೆ ಒಟಿಪಿ ಬರುತ್ತದೆ, ಮೊಮ್ಮಗ ಹೊನ್ನಾಳಿಯಲ್ಲಿ. ಐದು ಕಿಲೋ ಅಕ್ಕಿಗೆ ಇಷ್ಟು ವಿಚಾರಣೆ. ಅದೇ ಹೊತ್ತಿನಲ್ಲಿ, ಅದೇ ದತ್ತಾಂಶದ ಹಿಂದೆ, ಲಕ್ಷ ಜನರ ದಾಖಲೆ ಬದಲಿಸಬಲ್ಲ ಸರ್ವರೊಂದು ಇನ್ನೊಂದರ ಬಾಗಿಲು ತಟ್ಟುತ್ತದೆ. ವರ್ಷಗಟ್ಟಲೆ ಬದಲಾಯಿಸದ ಒಂದು ಪಾಸ್‌ವರ್ಡ್ ಹೇಳುತ್ತದೆ. ಬಾಗಿಲು ತೆರೆಯುತ್ತದೆ. ಬಡವರನ್ನು ಹತ್ತು ಸಲ ಅನುಮಾನಿಸುವ, ತನ್ನನ್ನು ಒಂದು ಸಲವೂ ಅನುಮಾನಿಸಿಕೊಳ್ಳದ ಯಂತ್ರವನ್ನು ಕಟ್ಟಿದವರು ನಾವು.

ನಮ್ಮ ನೆಲದಲ್ಲಿ ಹೀಗಿರಲಿಲ್ಲ ಎಂದರೆ ಹಳಹಳಿಕೆ ಎನ್ನಬೇಡಿ. ಶಿಕಾರಿಪುರ ಮತ್ತು ಸೊರಬ ಶಾಸನಗಳ ಸೀಮೆ. ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ ಏಳು ಮತ್ತು ಎಂಟನೇ ಸಂಪುಟಗಳಲ್ಲಿ ನೂರಾರು ಶಾಸನಗಳನ್ನು ಈ ಎರಡು ತಾಲ್ಲೂಕುಗಳಿಂದಲೇ ಸಂಗ್ರಹಿಸಿದ. ಭೂದಾನದ ತಾಮ್ರಪಟ ನೋಡಿದ್ದೀರಾ? ಹಲಗೆಗಳಿಗೆ ತೂತು ಕೊರೆದು ಒಂದು ಬಳೆ ಪೋಣಿಸಿರುತ್ತಾರೆ. ಬಳೆಯ ಎರಡು ತುದಿಗಳನ್ನು ರಾಜಮುದ್ರೆಯ ಒಳಗೆ ಬೆಸೆದಿರುತ್ತಾರೆ. ನಡುವಿನ ಒಂದು ಹಲಗೆ ತೆಗೆದು ಬೇರೆ ಸೇರಿಸಬೇಕೆಂದರೆ ಬಳೆ ಕತ್ತರಿಸಲೇಬೇಕು, ಕತ್ತರಿಸಿದರೆ ಗೊತ್ತಾಗುತ್ತದೆ. ಇವತ್ತು ನಾವು ಡಿಜಿಟಲ್ ಸಹಿ ಎಂದು ಮಾಡುತ್ತಿರುವುದೂ ಅದನ್ನೇ. ಅದಕ್ಕಿಂತ ನನ್ನನ್ನು ಕಾಡುವುದು ಶಾಸನದ ಕೊನೆಯ ಸಾಲು. ದಾನ ಕೊಟ್ಟ ದೊರೆ, ಪಡೆದವರು, ಗದ್ದೆಯ ಎಲ್ಲೆ, ಎಲ್ಲ ಮುಗಿದ ಮೇಲೆ ಎಷ್ಟೋ ಕಲ್ಲುಗಳಲ್ಲಿ ಬರೆದವನ ಹೆಸರು, ಕಂಡರಿಸಿದವನ ಹೆಸರು ಇರುತ್ತದೆ. ಬಳ್ಳಿಗಾವಿಯ ದಾಸೋಜ ಬೇಲೂರಿಗೆ ಹೋಗಿ ಮದನಿಕೆಯರನ್ನು ಕಡೆದು ಅಡಿಯಲ್ಲಿ ತನ್ನ ಹೆಸರು ಕೆತ್ತಿದ. ಮಗ ಚಾವಣನೂ ಕೆತ್ತಿದ. ಶಿಕಾರಿಪುರ ತಾಲ್ಲೂಕಿನಿಂದ ದೊಡ್ಡ ಕೆಲಸಕ್ಕೆಂದು ಪರಸ್ಥಳಕ್ಕೆ ಹೋದ ಕುಶಲಕರ್ಮಿ ಒಂಬೈನೂರು ವರ್ಷದ ಕೆಳಗೆ ಮಾಡಿದ್ದು ಇದು. ನಾವೂ ಅಲ್ಲಿಂದಲೇ ಹೊರಟವರು. ನಾವು ಕೆತ್ತುವುದು 'ಅಡ್ಮಿನ್' ಎಂದು.

ಭೂಮಿ ಯೋಜನೆ ಶುರುವಾದಾಗಲೂ ಈ ಅರಿವು ಇತ್ತು. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ರೈತರ ಹೆಸರನ್ನು ಗಣಕಕ್ಕೆ ಏರಿಸಿದರು. ಹದಿನೈದು ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಸಿಗತೊಡಗಿತು. ಜನ ನೆನಪಿಟ್ಟುಕೊಂಡದ್ದು ಆ ಹದಿನೈದು ರೂಪಾಯಿಯನ್ನು. ನನ್ನ ಪ್ರಕಾರ ದೊಡ್ಡ ಸಂಗತಿ ಇನ್ನೊಂದು: ಅಧಿಕಾರಿ ತಂತ್ರಾಂಶದ ಒಳಗೆ ಹೋಗಬೇಕಾದರೆ ತನ್ನ ಬೆರಳಚ್ಚು ಕೊಡಬೇಕಿತ್ತು. ದೇಶದಲ್ಲಿ ಇನ್ನೂ ಆಧಾರ್ ಎಂಬ ಹೆಸರೇ ಇಲ್ಲದ ಕಾಲ. ಯಾವ ಮ್ಯೂಟೇಶನ್ ಯಾರ ಬೆರಳಿನಿಂದ ಆಯಿತು ಎಂಬುದು ದಾಖಲಾಗುತ್ತಿತ್ತು, ನಾನಲ್ಲ ಎನ್ನುವ ಹಾಗಿರಲಿಲ್ಲ. ಶಾನುಭೋಗರ ಕೈಬರಹವನ್ನು ಊರವರು ದೂರದಿಂದಲೇ ಗುರುತಿಸುತ್ತಿದ್ದರು. ಅದು ಹೋದ ಮೇಲೆ ಅದರ ಜಾಗಕ್ಕೆ ಬಂದದ್ದು ಈ ಬೆರಳು. ಯೋಚನೆ ಮಾಡಿದವರ ತಲೆ ತಣ್ಣಗಿತ್ತು. ಆಮೇಲೆ ತಂತ್ರಾಂಶಗಳು ಹೆಚ್ಚಾದವು, ಒಂದಕ್ಕೊಂದು ಜೋಡಣೆಯಾದವು. ನೋಂದಣಿಯ ಕಾವೇರಿ, ಭೂಮಾಪನದ ಮೋಜಿಣಿ, ರೈತರ ವಿವರದ ಫ್ರೂಟ್ಸ್, ಬ್ಯಾಂಕು, ಖಜಾನೆ. ಯಂತ್ರದಿಂದ ಯಂತ್ರಕ್ಕೆ ಮಾತು ಶುರುವಾದಲ್ಲೆಲ್ಲ ಬೆರಳು ಎಲ್ಲಿಡುವುದು ಎಂಬ ಪ್ರಶ್ನೆ ಎದ್ದಿತು. ನಾವು, ಅಂದರೆ ನಮ್ಮ ಕಸುಬಿನವರು, ಅದಕ್ಕೆ ಎಲ್ಲ ಕಡೆಯೂ ಒಳ್ಳೆಯ ಉತ್ತರ ಕೊಡಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬಹಳ ವರ್ಷ ಆಯಿತು. ಒಂದು ಕಂಪನಿ, ಅದರ ಒಬ್ಬ ಗಿರಾಕಿ, ಸೋಮವಾರ ಉದ್ಘಾಟನೆ. ಶುಕ್ರವಾರ ರಾತ್ರಿ ಹನ್ನೊಂದು ಗಂಟೆ. ನಮ್ಮ ಸರ್ವರ್ ಅವರ ಸರ್ವರಿಗೆ ಕರೆ ಮಾಡುತ್ತದೆ, ಅತ್ತಲಿಂದ 401 ಎಂಬ ಉತ್ತರ ಬರುತ್ತದೆ. ನೀನು ಯಾರೆಂದು ಗೊತ್ತಿಲ್ಲ, ಒಳಗೆ ಬರಬೇಡ ಎಂದು ಅದರ ಅರ್ಥ. ಸರಿಯಾದ ದಾರಿ ನನಗೆ ಗೊತ್ತಿತ್ತು. ಬಳಕೆದಾರ ನಮ್ಮ ಸರ್ವರಿಗೆ ತಾನು ಯಾರೆಂದು ತೋರಿಸಿದ್ದಾನೆ. ನಮ್ಮ ಸರ್ವರ್ ಅವನ ಹೆಸರಿನಲ್ಲಿ ಮುಂದಿನ ಸರ್ವರಿನ ಬಳಿ ಮಾತಾಡಬೇಕು. ಹಳೆಯ ಎನ್‌ಟಿಎಲ್‌ಎಂ ಪದ್ಧತಿಯಲ್ಲಿ ಇದು ಆಗುವುದಿಲ್ಲ. ಮೊದಲ ಬಾಗಿಲಲ್ಲಿ ತೋರಿಸಿದ ಗುರುತು ಎರಡನೆಯ ಬಾಗಿಲಿಗೆ ನಡೆಯುವುದಿಲ್ಲ. ಕೆರ್ಬೆರೋಸ್ ಪದ್ಧತಿಯಲ್ಲಿ ಆಗುತ್ತದೆ. ಅಮೆರಿಕದ ಎಂಐಟಿಯಲ್ಲಿ 1980ರ ದಶಕದಲ್ಲೇ ಮಾಡಿಟ್ಟದ್ದು ಅದು. ನಡುವೆ ಒಬ್ಬ ನಂಬಿಕಸ್ಥ ಇರುತ್ತಾನೆ, ಅವನು ಟಿಕೆಟ್ ಕೊಡುತ್ತಾನೆ. ಟಿಕೆಟ್ಟಿಗೆ ಅವಧಿ ಇದೆ. ಎರಡೂ ಕಡೆಯ ಗಡಿಯಾರ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ಹಿಂದುಮುಂದಾಗಿದ್ದರೂ ಟಿಕೆಟ್ ಒಪ್ಪುವುದಿಲ್ಲ, ಅಷ್ಟು ಬಿಗಿ. ಈ ಸರ್ವರ್ ಆ ಸರ್ವರಿನ ಬಳಿ ಮಾತ್ರ ಇಂಥವರ ಪರವಾಗಿ ಮಾತಾಡಬಹುದು ಎಂದು ಕಟ್ಟುಪಾಡು ಹಾಕಬಹುದು.

ಇದು ನಮ್ಮೂರಿಗೆ ಹೊಸದೇ ಅಲ್ಲ. ಮನೆಯಾಳಿನ ಕೈಯಲ್ಲಿ ಅಪ್ಪ ಕಿರಾಣಿ ಅಂಗಡಿಗೆ ಚೀಟಿ ಕಳಿಸುತ್ತಿದ್ದರಲ್ಲ: ಈ ಚೀಟಿ ತಂದವನಿಗೆ ಎರಡು ಕಿಲೋ ಬೆಲ್ಲ ಕೊಡಿ, ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ, ತಾರೀಖು, ಸಹಿ. ಆಳು ಯಾರು, ಕಳಿಸಿದ್ದು ಯಾರು, ಏನು ಕೊಡಬೇಕು, ಯಾವತ್ತಿನ ಮಾತು, ನಾಲ್ಕೂ ಅದರಲ್ಲಿತ್ತು. 2012ರಲ್ಲಿ ಹೊರಬಂದ ಓಆತ್ 2.0 ಟೋಕನ್ ಎಂದು ನಾವು ಈಗ ಬಹಳ ಗತ್ತಿನಿಂದ ಹೇಳುವುದು ಈ ಚೀಟಿಯನ್ನೇ. ಯಾವ ಅಪ್ಪನೂ ಬೆಲ್ಲ ತರಲು ಆಳಿನ ಕೈಗೆ ತಿಜೋರಿ ಕೀಲಿ ಕೊಟ್ಟು ಕಳಿಸಲಿಲ್ಲ.

ನಾನು ಕೊಟ್ಟೆ. ಚೀಟಿ ಬರೆಯಲು ಎರಡು ದಿನ ಬೇಕಿತ್ತು, ಗಿರಾಕಿಯ ನೆಟ್‌ವರ್ಕ್ ನೋಡುವವರ ಅನುಮತಿ ಬೇಕಿತ್ತು, ಅವರು ಫೋನು ತೆಗೆಯಲಿಲ್ಲ. ಎಲ್ಲ ಅಧಿಕಾರ ಇರುವ ಒಂದು ಖಾತೆ ತೆರೆಸಿದೆ. ಯಾರೇ ಬಳಕೆದಾರ ಗುಂಡಿ ಒತ್ತಲಿ, ಮುಂದಿನ ಸರ್ವರಿಗೆ ಹೋಗುವುದು ಆ ಒಂದೇ ಹೆಸರು. ಅದರ ಪಾಸ್‌ವರ್ಡನ್ನು ಕಾನ್ಫಿಗರೇಶನ್ ಕಡತದಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ. ಬೇಸಿಕ್ ಅಥೆಂಟಿಕೇಶನ್ ಆರಿಸಿದೆ. ಅದರಲ್ಲಿ ಹೆಸರು ಮತ್ತು ಪಾಸ್‌ವರ್ಡು ಗಜಿಬಿಜಿ ಅಕ್ಷರಗಳಾಗಿ ಹೋಗುತ್ತವೆ, ಕೆಲವೊಮ್ಮೆ ಕೊನೆಗೊಂದು ಸಮ ಚಿಹ್ನೆ. ನೋಡಿದವರಿಗೆ ಭಾರಿ ಗುಟ್ಟು ಅನ್ನಿಸಬೇಕು. ಅದು ಬೇಸ್64, ಗುಟ್ಟೇ ಅಲ್ಲ. ಚಿಕ್ಕಂದಿನಲ್ಲಿ ದೊಡ್ಡವರಿಗೆ ತಿಳಿಯಬಾರದೆಂದು ಪ್ರತಿ ಅಕ್ಷರಕ್ಕೆ ಕ ಸೇರಿಸಿ ಕ-ಭಾಷೆ ಆಡುತ್ತಿದ್ದೆವಲ್ಲ, ಅಷ್ಟೇ ಅದರ ಯೋಗ್ಯತೆ. ದೊಡ್ಡವರಿಗೆ ಆಗಲೂ ತಿಳಿಯುತ್ತಿತ್ತು, ಸುಮ್ಮನೆ ನಗುತ್ತಿದ್ದರು.

ಅದಾದರೂ ಭದ್ರವಾದ ಕೊಳವೆಯೊಳಗೆ, ಟಿಎಲ್‌ಎಸ್ ಮೂಲಕ ಹೋದರೆ ಒಂದು ಮಟ್ಟಿಗೆ ಸರಿ. ಕೊಳವೆಯ ಆ ತುದಿಯಲ್ಲಿ ಇರುವುದು ನಿಜವಾಗಿ ಅವರೇನಾ ಎಂದು ಖಾತ್ರಿಪಡಿಸುವುದು ಸರ್ಟಿಫಿಕೇಟು. ಗಿರಾಕಿಯ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ತೆರೆಯ ಮೇಲೆ ಒಂದು ಸಣ್ಣ ಚೌಕ: ಸರ್ಟಿಫಿಕೇಟ್ ದೋಷಗಳನ್ನು ಕಡೆಗಣಿಸು. ಟಿಕ್ ಹಾಕಿದೆ. ಹಸಿರು ದೀಪ ಹತ್ತಿತು. ಆಮೇಲೆ ತೆಗೆಯುತ್ತೇನೆ ಎಂದುಕೊಂಡೆ, ದೇವರಾಣೆ ಹಾಗೇ ಅಂದುಕೊಂಡಿದ್ದೆ. ಪೂರ್ತಿ ತಂಡಕ್ಕೆ ಬಿರಿಯಾನಿ ತರಿಸಿದರು. ಸೋಮವಾರ ಉದ್ಘಾಟನೆ ಚೆನ್ನಾಗಿ ನಡೆಯಿತು, ನನಗೆ ಬಹುಮಾನವೂ ಬಂತು.

ಆ ಟಿಕ್ಕನ್ನು ನಾನು ತೆಗೆಯಲಿಲ್ಲ. ಬೇರೆ ಪ್ರಾಜೆಕ್ಟಿಗೆ ಹೋದೆ, ಬೇರೆ ಕಂಪನಿಗೆ ಹೋದೆ.

ಇದನ್ನು ಓದುವಾಗ ನಿಮ್ಮಲ್ಲಿ ಎಷ್ಟು ಜನರ ಎದೆ ಒಮ್ಮೆ ಧಸಕ್ಕೆಂದಿರಬಹುದು? ಎಂಥ ಒಳ್ಳೆಯ ಇಂಜಿನಿಯರುಗಳಿಗೂ ಇಂಥ ಒಂದು ಶುಕ್ರವಾರ ರಾತ್ರಿ ಇರುತ್ತದೆ. ನಾವು ದುಷ್ಟರಲ್ಲ. ಅವಸರದಲ್ಲಿದ್ದೆವು, ಅಷ್ಟೇ. ಆದರೆ ನಮ್ಮ ಅವಸರದ ಬಿಲ್ಲನ್ನು ಕಟ್ಟುವವರು ಯಾರು?

2019ರಲ್ಲಿ ಕರ್ನಾಟಕ ಸರಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲಿನಿಂದ ಸುಮಾರು 11.5 ಕೋಟಿ ರೂಪಾಯಿ ಹೋಯಿತು. ಟೆಂಡರು ಹಾಕಿದವರು ಇಟ್ಟ ಇಎಂಡಿ ಠೇವಣಿ, ಅವರಿಗೆ ಮರಳಬೇಕಾದ ಹಣ. ಮರಳಿಸುವ ಕೆಲಸ ತಂತ್ರಾಂಶದ್ದು. ಹಣ ಮರಳಿತು, ಆದರೆ ಯಾರ್ಯಾರದೋ ಖಾತೆಗೆ. ಸಿಐಡಿ ತನಿಖೆ, ಬಿಟ್‌ಕಾಯಿನ್, ವಿಧಾನಸೌಧದಲ್ಲಿ ಕೂಗಾಟ, ಎಲ್ಲ ನಿಮಗೆ ಗೊತ್ತು. ನಾವು ಆ ಕಥೆಯನ್ನು ಒಬ್ಬ ಜಾಣ ಹ್ಯಾಕರನ ಕಥೆ ಎಂದು ಓದಿ ರಂಜಿಸಿಕೊಂಡೆವು. ನಮ್ಮ ಕಸುಬಿನವರು ಅದನ್ನು ಬೇರೆ ತರ ಓದಬೇಕಿತ್ತು: ಹಣ ಕಳಿಸು ಎಂಬ ಸೂಚನೆ ನಿಜಕ್ಕೂ ಕಳಿಸಬೇಕಾದವರಿಂದಲೇ ಬಂದದ್ದೇ ಎಂದು ದಾರಿಯ ಯಾವ ಟೇಬಲಿನಲ್ಲಿ ಯಾರು ಕೇಳಬೇಕಿತ್ತು?

2023ರಲ್ಲಿ ಬೇರೊಂದು ನಡೆಯಿತು. ಜನ ಮನೆ, ಸೈಟು ನೋಂದಣಿ ಮಾಡಿಸಿದರು. ಕೆಲವು ದಿನಗಳಲ್ಲಿ ಅವರ ಬ್ಯಾಂಕ್ ಖಾತೆಯಿಂದ ಹಣ ಹೋಯಿತು, ಒಟಿಪಿ ಇಲ್ಲದೆ. ಕಾವೇರಿ 2.0ರಲ್ಲಿದ್ದ ನೋಂದಾಯಿತ ಪತ್ರಗಳಲ್ಲಿ ಬೆರಳಚ್ಚು ಇತ್ತು, ಆಧಾರ್ ಸಂಖ್ಯೆ ಇತ್ತು. ವಂಚಕರು ಪತ್ರ ಇಳಿಸಿಕೊಂಡು, ಅಚ್ಚಿನಿಂದ ನಕಲಿ ಬೆರಳು ಮಾಡಿ, ಆಧಾರ್ ಆಧಾರಿತ ಪಾವತಿ ಯಂತ್ರದ ಮೇಲೆ ಒತ್ತಿದರು. ಆಮೇಲೆ ಪತ್ರಗಳ ಬೆರಳಚ್ಚು ಮರೆಮಾಡಿದರು. ಆಧಾರಿನ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಜನರಿಗೆ ಹೇಳಿದರು. ನಿಮ್ಮ ಅಪ್ಪ ಅಮ್ಮನದು ಲಾಕ್ ಆಗಿದೆಯೇ? ಈ ಸಲ ಊರಿಗೆ ಹೋದಾಗ ಎರಡು ನಿಮಿಷದ ಕೆಲಸ, ಮಾಡಿ ಬನ್ನಿ. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು. ಬೆರಳು ಕದ್ದರೆ ಬದಲಿಸಲು ಮನುಷ್ಯನಿಗೆ ಇರುವುದು ಹತ್ತೇ. ಮತ್ತೆ 2025ರ ಆರಂಭದಲ್ಲಿ ಅದೇ ಕಾವೇರಿಯ ಮೇಲೆ ನಕಲಿ ಕೋರಿಕೆಗಳ ಮಳೆ ಸುರಿಯಿತು, ನೋಂದಣಿ ಕಚೇರಿಗಳ ಮುಂದೆ ಜನ ಕಾದು ಕಾದು ಮನೆಗೆ ಹೋದರು. "ಸರ್ವರ್ ಡೌನ್" ಎಂಬ ಎರಡು ಇಂಗ್ಲಿಷ್ ಪದ ಓದು ಬರದವರಿಗೂ ಬಾಯಿಪಾಠವಾಗಿರುವುದು ನಮ್ಮ ಕಸುಬಿನ ಸಾಧನೆ.

ಈಗ ಈಸೂರಿನ ಮಾತು. ಶಿಕಾರಿಪುರ ತಾಲ್ಲೂಕಿನಲ್ಲಿ ಬೆಳೆದವರು ಯಾರೂ ಅದನ್ನು ಕೇಳದೆ ಬೆಳೆದಿಲ್ಲ. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆ ಆಗಸ್ಟ್ 15ರಂದು ಶಾಲೆಯಲ್ಲಿ ಕೂಗಿಯೇ ಕೂಗಿರುತ್ತೇವೆ. 1942ರ ಸೆಪ್ಟೆಂಬರಿನಲ್ಲಿ ಈಸೂರು ತಾನು ಸ್ವತಂತ್ರ ಎಂದು ಸಾರಿಕೊಂಡಿತು. ಸರಕಾರದ ಅಧಿಕಾರಿಗಳಿಗೆ ಒಳಗೆ ಪ್ರವೇಶವಿಲ್ಲ ಎಂದು ಊರ ಬಾಗಿಲಿಗೆ ಫಲಕ ತೂಗು ಹಾಕಿದರು. ತಮ್ಮದೇ ಸರಕಾರ ಮಾಡಿದರು. ಅದಕ್ಕೆ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ಆರಿಸಿದ್ದು ಇಬ್ಬರು ಹುಡುಗರನ್ನು. ಅಪ್ರಾಪ್ತ ವಯಸ್ಸಿನವರನ್ನು ಕಾನೂನು ಹಿಡಿದು ಜೈಲಿಗೆ ಹಾಕುವಂತಿಲ್ಲ ಎಂಬುದು ಅದಕ್ಕೆ ಜನ ಹೇಳುವ ಕಾರಣ. ಎಂಥ ಚಾಣಾಕ್ಷತನ! ಅಧಿಕಾರ ಚಲಾಯಿಸಬೇಕು, ಆದರೆ ಚಲಾಯಿಸಿದವನು ಕಾನೂನಿನ ಕೈಗೆ ಸಿಗಬಾರದು.

ನನ್ನ 'ಸರ್ವೀಸ್ ಅಡ್ಮಿನ್' ಕೂಡ ಆ ಬಾಲ ಅಮಲ್ದಾರನೇ. ಅವನು ಅರ್ಜಿ ವಜಾ ಮಾಡುತ್ತಾನೆ, ಹಣ ಕಳಿಸುತ್ತಾನೆ, ಹೆಸರು ತೆಗೆಯುತ್ತಾನೆ, ಹೆಸರು ಸೇರಿಸುತ್ತಾನೆ. ಹಿಡಿಯಲು ಹೋದರೆ ಯಾರೂ ಇಲ್ಲ. ಈಸೂರಿನವರು ಆ ಉಪಾಯ ಹೂಡಿದ್ದು ಒಂದು ಸಾಮ್ರಾಜ್ಯದ ವಿರುದ್ಧ. ನಾವು ಹೂಡಿರುವುದು ನಮ್ಮ ದೊಡ್ಡಪ್ಪಂದಿರ ವಿರುದ್ಧ. ಇನ್ನೂ ಒಂದು ವ್ಯತ್ಯಾಸ ಇದೆ. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ಸರಕಾರದ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಸತ್ತರು. ಸೈನ್ಯ ಬಂತು, ಊರು ಕಾಡು ಸೇರಿತು. ಕಡೆಗೆ 1943ರ ಮಾರ್ಚಿನಲ್ಲಿ ಬೆಂಗಳೂರಿನ ಜೈಲಿನಲ್ಲಿ ಈಸೂರಿನ ಐವರು ನೇಣಿಗೇರಿದರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಉತ್ತರ ಕೊಡುವ ಹೊತ್ತು ಬಂದಾಗ ಅಲ್ಲಿ ಹೆಸರುಗಳಿದ್ದವು. ಆ ಹೆಸರುಗಳಿಗೆ ಸಮನಾದದ್ದನ್ನು ಯಾರೂ ನಮ್ಮಿಂದ ಕೇಳುತ್ತಿಲ್ಲ. ನಮ್ಮಿಂದ ಕೇಳುತ್ತಿರುವುದು ಒಂದು ಲಾಗ್ ಕಡತದ ಒಂದು ಕಲಮು.

ಸಬೂಬುಗಳು ನನಗೆ ಗೊತ್ತು, ನಾನೇ ಹೇಳಿದ್ದೇನೆ. ಇದು ಒಳಗಿನ ನೆಟ್‌ವರ್ಕು, ಹೊರಗಿನವರು ಯಾರು ಬರುತ್ತಾರೆ ಎನ್ನುತ್ತೇವೆ. ತೋಟಕ್ಕೆ ಬೇಲಿ ಇದೆ ಎಂದು ಕೊಯ್ಲಿನ ಕಾಲದಲ್ಲಿ ಅಂಗಳದ ಅಡಿಕೆಯನ್ನು ರಾತ್ರಿ ಯಾರಾದರೂ ಹಾಗೇ ಬಿಟ್ಟು ಮಲಗುತ್ತಾರೆಯೇ? ಕಂಬಳಿ ಹೊದ್ದು ಅಲ್ಲೇ ಮಲಗುತ್ತಿದ್ದ ನಮ್ಮಪ್ಪನಿಗೆ ಕಳ್ಳ ಹೆಚ್ಚಾಗಿ ಬೇಲಿಯೊಳಗಿನವನೇ ಎಂಬುದು ಗೊತ್ತಿತ್ತು. ಹಳೆಯ ತಂತ್ರಾಂಶ, ಹೊಸ ಪದ್ಧತಿಗೆ ಒಗ್ಗುವುದಿಲ್ಲ ಎನ್ನುತ್ತೇವೆ. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನಿನಲ್ಲಿ ಬೇಸಿಕ್ ಅಥೆಂಟಿಕೇಶನನ್ನು 2022ರ ಅಕ್ಟೋಬರಿನಿಂದ ನಿಲ್ಲಿಸತೊಡಗಿತು. ಮೂವತ್ತು ವರ್ಷ ಹಳೆಯ ಎನ್‌ಟಿಎಲ್‌ಎಂಗೆ ಇನ್ನು ಭವಿಷ್ಯವಿಲ್ಲ ಎಂದು 2024ರಲ್ಲಿ ಅದೇ ಸಾರಿತು. ಜಗತ್ತು ಗೊಣಗುತ್ತಲೇ ಬದಲಾಯಿಸಿಕೊಳ್ಳುತ್ತಿದೆ. ಮ್ಯಾನೇಜರು ಸಮಯ ಕೊಡುವುದಿಲ್ಲ ಎನ್ನುತ್ತೇವೆ. ಇದು ಮಾತ್ರ ನಿಜ, ಕೊಡುವುದಿಲ್ಲ. ಅದಕ್ಕೇ ಬರೆದು ಕೇಳಬೇಕು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. "ಈ ಟಿಕ್ ಹಾಕಿ ಎಂದು ಒಂದು ಸಾಲು ಇಮೇಲ್ ಕಳಿಸಿ ಸರ್" ಎಂದು ನೋಡಿ, ಎಷ್ಟೋ ಸಲ ಸಮಯ ತಾನಾಗಿ ಸಿಗುತ್ತದೆ. ಸೈಬರ್ ಘಟನೆಯಾದರೆ ಆರು ಗಂಟೆಯೊಳಗೆ ತಿಳಿಸಬೇಕು, 180 ದಿನದ ಲಾಗ್ ಇಟ್ಟಿರಬೇಕು ಎಂದು ಸೈಬರ್ ಭದ್ರತೆಯ ಕೇಂದ್ರ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲಿನಲ್ಲೇ ನಿರ್ದೇಶನ ಕೊಟ್ಟಿದೆ. ವೈಯಕ್ತಿಕ ದತ್ತಾಂಶವನ್ನು ಸರಿಯಾಗಿ ಕಾಯದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಎಂದು 2023ರ ಕಾಯ್ದೆ ಹೇಳುತ್ತದೆ. ಮ್ಯಾನೇಜರಿಗೆ ದೊಡ್ಡಪ್ಪ ಅರ್ಥವಾಗದಿದ್ದರೆ ಈ ಅಂಕಿ ಅರ್ಥವಾಗುತ್ತದೆ. ಆದರೆ ಎಲ್ಲ ಸಾಲುಗಳಲ್ಲೂ 'ಅಡ್ಮಿನ್' ಎಂದೇ ಇರುವ 180 ದಿನದ ಲಾಗ್ ಇಟ್ಟುಕೊಂಡು ಏನು ಮಾಡುತ್ತೀರಿ?

ಊರಲ್ಲಿ ಇರುವವರಿಗೂ ಒಂದು ಮಾತಿದೆ. ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಸೊಸೈಟಿಯ ಕಾರ್ಯದರ್ಶಿ, ನಿಮ್ಮ ಡಿಜಿಟಲ್ ಸಹಿಯ ಡಾಂಗಲ್ ಎಲ್ಲಿದೆ? ಕಂಪ್ಯೂಟರ್ ಆಪರೇಟರನ ಡ್ರಾಯರಿನಲ್ಲಿ, ಪಿನ್ ಬರೆದ ಚೀಟಿ ಅಂಟಿಸಿಕೊಂಡು ಕೂತಿದ್ದರೆ ದಯವಿಟ್ಟು ಇವತ್ತೇ ಜೇಬಿಗೆ ಹಾಕಿಕೊಳ್ಳಿ. ಹೊರಗುತ್ತಿಗೆಯ ಆ ಹುಡುಗ ಕೆಟ್ಟವನೆಂದಲ್ಲ. ನಾಳೆ ಏನಾದರೂ ಆದರೆ ಮೊದಲು ಮನೆಗೆ ಹೋಗುವವನು ಅವನೇ, ಸಹಿ ಮಾತ್ರ ನಿಮ್ಮದಾಗಿರುತ್ತದೆ.

ಬಗರ್ ಹುಕುಂ ಜಮೀನಿನ ಊರುಗಳು ನಮ್ಮವು. ಸಕ್ರಮಕ್ಕೆ ಅರ್ಜಿ ಹಾಕುವ ಫಾರಂ 50, 53, 57 ಎಂದರೆ ಬೇರೆ ಕಡೆಯವರಿಗೆ ಬರೀ ಅಂಕಿ, ನಮ್ಮಲ್ಲಿ ಅದು ಮನೆ ಮಾತು. ಉಳುವ ಜಮೀನಿನ ಒಂದು ಚೀಟಿಗಾಗಿ ಎರಡು ತಲೆಮಾರು ಸವೆದಿದೆ. ಅದರ ಹೆಸರಿನಲ್ಲಿ ಪಾದಯಾತ್ರೆಗಳಾಗಿವೆ, ಶಿಕಾರಿಪುರ, ಸೊರಬಗಳಿಂದ ಹೋದವರು ಮುಖ್ಯಮಂತ್ರಿಗಳಾಗಿದ್ದಾರೆ. ಸೊರಬದ ಕಾನು ಎಂಬ ದಟ್ಟ ಮರಗಾಡುಗಳ ಬಗ್ಗೆ 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ವರದಿ ಬರೆದಾಗಲೇ ಅದು ಕಾಡೋ, ಊರವರ ಹಕ್ಕೋ ಎಂಬ ಜಿಜ್ಞಾಸೆ ಇತ್ತು. ಕಾನು ಎಂಬ ಎರಡಕ್ಷರ ಪಹಣಿಯಲ್ಲಿದ್ದರೆ ಇವತ್ತಿಗೂ ಮನೆಯವರಿಗೆ ನಿದ್ದೆ ಹತ್ತುವುದಿಲ್ಲ. ದಾಖಲೆಯ ಒಂದು ಪದಕ್ಕೆ ಇಷ್ಟು ಬೆಲೆ ಇರುವ ನೆಲದಿಂದ ಬಂದವರು, ಆ ಪದವನ್ನು ಬದಲಿಸುವ ಕರೆಯನ್ನು ಕಾವಲಿಲ್ಲದೆ ಬಿಡುವುದು ಹೇಗೆ?

ಹಾಗಾಗಿ ಕೇಳಿಕೊಳ್ಳುತ್ತೇನೆ. ಸೋಮವಾರ ಆಫೀಸಿಗೆ ಹೋದ ಕೂಡಲೇ ನಿಮ್ಮ ಕಾನ್ಫಿಗರೇಶನ್ ಕಡತ ತೆರೆಯಿರಿ. ಅದರಲ್ಲಿ ಪಾಸ್‌ವರ್ಡ್ ಕಣ್ಣಿಗೆ ಕಂಡರೆ ಅದನ್ನು ತೆಗೆದು ವಾಲ್ಟಿಗೆ ಹಾಕಿ, ಹಾಕಿದ ಮೇಲೆ ಪಾಸ್‌ವರ್ಡನ್ನೂ ಬದಲಿಸಿ, ಯಾಕೆಂದರೆ ಹಳೆಯದನ್ನು ಯಾರು ಯಾರು ನೋಡಿದ್ದಾರೋ ಗೊತ್ತಿಲ್ಲ. ಕಡೆಗಣಿಸು ಎಂಬ ಟಿಕ್ ಇದ್ದರೆ ತೆಗೆಯಿರಿ. ತೆಗೆದಾಗ ಏನಾದರೂ ಮುರಿದರೆ ಅದು ಮೊದಲೇ ಮುರಿದಿತ್ತು, ನೀವು ಬಟ್ಟೆ ಹೊದೆಸಿದ್ದಿರಿ ಅಷ್ಟೇ. ಎರಡೂ ಕಡೆಯವರು ಸರ್ಟಿಫಿಕೇಟ್ ತೋರಿಸಿ ಪರಸ್ಪರ ಗುರುತು ಹಿಡಿಯುವ ಮ್ಯೂಚುವಲ್ ಟಿಎಲ್‌ಎಸ್ ಸಾಧ್ಯವಿದ್ದರೆ ಹಾಕಿ. ಒಂದು ಕೆಲಸಕ್ಕೆ ಒಂದು ಖಾತೆ, ಆ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ, ಗಂಟೆಯಲ್ಲಿ ಸಾಯುವ ಟೋಕನ್. ಎಲ್ಲಕ್ಕಿಂತ ಮೊದಲು, ಗುಂಡಿ ಒತ್ತಿದ ಮನುಷ್ಯನ ಗುರುತು ಕೊನೆಯ ಸರ್ವರಿನವರೆಗೂ ಹೋಗಲಿ. ಯಂತ್ರವೇ ತೀರ್ಮಾನ ಮಾಡಿದ್ದಾದರೆ ಯಾವ ನಿಯಮದಿಂದ ಮಾಡಿತು, ಆ ನಿಯಮ ಬರೆದವರು ಯಾರು, ಒಪ್ಪಿದವರು ಯಾರು ಎಂಬುದು ಅದರ ಜೊತೆ ಹೋಗಲಿ.

ದೊಡ್ಡಪ್ಪನ ಅರ್ಜಿಯನ್ನು ಹೊಸದಾಗಿ ಹಾಕಿಸಿ ಬೆಂಗಳೂರಿಗೆ ಬಂದ ಮೇಲೆ, ಆ ಹಳೆಯ ಕಂಪನಿಗೆ ಫೋನು ಮಾಡಿದೆ. ನಾನಿದ್ದಾಗಿನವರು ಯಾರೂ ಇರಲಿಲ್ಲ. ಸುತ್ತಿ ಬಳಸಿ ಕಡೆಗೆ ಒಬ್ಬಳು ಹುಡುಗಿ ಸಿಕ್ಕಳು. ಆ ತಂತ್ರಾಂಶ ಇನ್ನೂ ನಡೆಯುತ್ತಿದೆ, ಅದನ್ನು ಈಗ ನೋಡಿಕೊಳ್ಳುವುದು ಅವಳೇ. ಕಡತದ ಹೆಸರು, ಸಾಲು ಹೇಳಿದೆ. ಕೀಲಿಮಣೆಯ ಸದ್ದು ಕೇಳಿಸಿತು.

"ಹೌದು ಸರ್, ಇದೆ. ಟಿಕ್ ಹಾಗೇ ಇದೆ. ನಾನು ಬಂದಾಗಿನಿಂದ ನೋಡ್ತಿದೀನಿ, ತೆಗೆದ್ರೆ ಏನಾಗತ್ತೋ ಅಂತ ಯಾರೂ ಮುಟ್ಟಿಲ್ಲ. ಯಾರು ಹಾಕಿದ್ದು ಅಂತ ಹುಡುಕಿದೆ, ಹಿಸ್ಟರಿಯಲ್ಲಿ ಬರೀ ಅಡ್ಮಿನ್ ಅಂತ ಇದೆ."

"ನಾನಮ್ಮ" ಎಂದೆ. "ಬರ್ಕೋ." ನನ್ನ ಹೆಸರು, ಊರು ಹೇಳಿದೆ. ಅವಳು ಒಂದು ಕ್ಷಣ ಸುಮ್ಮನಿದ್ದಳು, ಆಮೇಲೆ ಹೆಸರಿನ ಸ್ಪೆಲಿಂಗ್ ಕೇಳಿದಳು.